ಪುಡಿಗೆ ಎದುರಾಗಿ ಕೊಟ್ಟ ಮಾತ್ರೆ

ತಿಪಟೂರಿನಲ್ಲಿ ನಾನು ವೈದ್ಯಳಾಗಿದ್ದ ವರ್ಷಗಳಲ್ಲಿ ಎದೆನೋವು ಅಂತ ಬರುತ್ತಿದ್ದವರು ಬಹುಪಾಲು ಐವತ್ತು ದಾಟಿದ ಗಂಡಸರು. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು, ಹರಾಜಿನ ದಿನ ಕೊಬ್ಬರಿ ಮಂಡಿಯಲ್ಲಿ ಬೆಳಗಿನಿಂದ ಊಟವಿಲ್ಲದೆ ಕಾಫಿ ಕುಡಿದುಕೊಂಡೇ ನಿಂತವರು. ಅವರಿಗೆ ಮಾಡಬೇಕಾದ್ದನ್ನು ನನ್ನ ಕೈ ತಾನಾಗಿ ಮಾಡುತ್ತಿತ್ತು. ಇಸಿಜಿ ತೆಗೆಯುವುದು, ಆಸ್ಪಿರಿನ್ ಅಗಿಯಲು ಕೊಡುವುದು, ನಾಲಿಗೆ ಕೆಳಗೆ ಒಂದು ಮಾತ್ರೆ ಇಡುವುದು, ಎದೆಬಡಿತ ತಗ್ಗಿಸಲು ಬೀಟಾ ಬ್ಲಾಕರ್ ಕೊಡುವುದು, ಆಮೇಲೆ ವ್ಯಾನು ಮಾಡಿಸಿ ತುಮಕೂರಿಗೋ ಬೆಂಗಳೂರಿಗೋ ಕಳಿಸುವುದು. ಕೆಲವರು ಉಳಿಯುತ್ತಿದ್ದರು, ಕೆಲವರು ದಾರಿಯಲ್ಲೇ ಹೋಗುತ್ತಿದ್ದರು. ಸಂಜೆ ಮನೆಗೆ ಬಂದು ಅನ್ನಕ್ಕೆ ಇಟ್ಟು, ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿರುತ್ತಿದ್ದೆ. ಕೂತರೆ ಮತ್ತೆ ಏಳುವುದು ಕಷ್ಟ ಅನಿಸುತ್ತಿತ್ತು. ನನ್ನ ಗಂಡ ತುರುವೇಕೆರೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅವರೂ ಬಸ್ಸಿನಲ್ಲಿ ಜೋತಾಡಿಕೊಂಡು ಬಂದಿರುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಜಗಳವೇನೂ ಅಲ್ಲ, ಸುಸ್ತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ನರ್ಸಿಂಗ್ ಹೋಂ ಮುಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಶೆಟ್ಟಿಕೆರೆ ಕಡೆಯ ಒಬ್ಬ ಹೆಂಗಸು ತಮ್ಮನನ್ನು ತೋಳಿನಲ್ಲಿ ಹಿಡಿದು ಇಳಿಸುತ್ತಿದ್ದರು. ಆ ಹೆಂಗಸು ನನಗೆ ಗೊತ್ತಿದ್ದವರೇ. ಗಂಡ ತೀರಿಕೊಂಡ ಮೇಲೆ ತೋಟ ತಾವೇ ನೋಡಿಕೊಳ್ಳುತ್ತಿದ್ದರು, ಮಗಳಿಗೆ ಜ್ವರ ಬಂದರೆ ನನ್ನ ಹತ್ತಿರವೇ ಕರೆತರುತ್ತಿದ್ದರು. ತಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ವಯಸ್ಸು ಮೂವತ್ತರ ಒಳಗೆ. ಒಳ್ಳೆಯ ಪ್ಯಾಂಟು, ಬಾಂಬೆಯಲ್ಲಿ ಹೊಲಿಸಿದಂಥ ಅಂಗಿ, ಅಂಗಿಯೆಲ್ಲ ಬೆವರಲ್ಲಿ ತೊಯ್ದಿತ್ತು.

"ಎದೆ ಹಿಡ್ಕೊಂಡ್ಬುಟ್ಟೈತೆ ಡಾಕ್ಟ್ರಮ್ಮ," ಎಂದರು ಅಕ್ಕ. "ಬೆಳಿಗ್ಗೆ ಅಟ್ಟದ ಮೇಲಿಂದ ಕೊಬ್ಬರಿ ಇಳಿಸ್ತಿದ್ವಿ. ನೀನು ಸುಮ್ಕಿರಪ್ಪ, ರಜಕ್ಕೆ ಬಂದಿದ್ದೀಯ ಅಂದೆ. ಕೇಳ್ಲಿಲ್ಲ. ನಾಕು ಜನರ ಕೆಲಸ ಒಬ್ನೇ ಮಾಡ್ದ. ಆಮ್ಯಾಕೆ ಹಿಂಗೆ ಕೂತ್ಕಂಡ."

ಅವನನ್ನು ಮಲಗಿಸಿ ಇಸಿಜಿ ತೆಗೆದೆ. ಕಾಗದ ಹೊರಗೆ ಬರುತ್ತಿದ್ದಂತೆ ನನಗೆ ಭಯವಾಯಿತು. ಹೃದಯಾಘಾತದಲ್ಲಿ ಗೆರೆ ಹೇಗೆ ಮೇಲೆದ್ದು ನಿಲ್ಲುತ್ತದೋ ಹಾಗೇ ನಿಂತಿತ್ತು. ನಾಡಿ ಓಡುತ್ತಿತ್ತು, ರಕ್ತದೊತ್ತಡ ಆ ವಯಸ್ಸಿಗೆ ಇರಬಾರದಷ್ಟು ಏರಿತ್ತು. ಬೀಡಿ ಇಲ್ಲ, ಸಕ್ಕರೆ ಇಲ್ಲ, ಮನೆತನದಲ್ಲಿ ಹೃದಯದ ಕಾಯಿಲೆಯೂ ಇಲ್ಲ ಎಂದು ಅಕ್ಕ ಹೇಳುತ್ತಿದ್ದರು. ನರ್ಸ್ ಅಷ್ಟರಲ್ಲಿ ರೂಢಿಯಂತೆ ಬೀಟಾ ಬ್ಲಾಕರ್ ಇಂಜೆಕ್ಷನ್ ತೆಗೆದು ಸಿರಿಂಜಿಗೆ ಏರಿಸುತ್ತಿದ್ದಳು. ನಾನು ಅವನ ಕಣ್ಣು ನೋಡಿದೆ. ಕಿಟಕಿಯಿಂದ ಬಿಸಿಲು ನೇರವಾಗಿ ಮುಖದ ಮೇಲೆ ಬೀಳುತ್ತಿದ್ದರೂ ಪಾಪೆಗಳು ದೊಡ್ಡದಾಗಿ ಅರಳಿಕೊಂಡಿದ್ದವು. ಕಾಲು ಒಂದೇ ಸಮ ಅಲ್ಲಾಡುತ್ತಿತ್ತು. ಇದು ಬರೀ ಅಟ್ಟ ಹತ್ತಿದ ಆಯಾಸ ಅಲ್ಲ ಅನಿಸಿತು.

"ಏನಾದರೂ ತಗೊಂಡಿದ್ದೀಯೇನಪ್ಪ?" ಎಂದು ಕೇಳಿದೆ.

ಅವನು ಅಕ್ಕನ ಕಡೆ ನೋಡಿದ. ನಾನು ಒಂದು ಚೀಟಿ ಬರೆದು, ಕೆಳಗಿನ ಮೆಡಿಕಲ್ ಸ್ಟೋರಿನಿಂದ ತನ್ನಿ ಎಂದು ಅಕ್ಕನನ್ನು ಕಳಿಸಿದೆ. ಆಕೆ ಮೆಟ್ಟಿಲಿಳಿದ ಸದ್ದು ಕೇಳಿದ ಮೇಲೆ ಅವನು ಬಾಯಿಬಿಟ್ಟ.

"ಅಕ್ಕಂಗೆ ಹೇಳ್ಬ್ಯಾಡಿ ಡಾಕ್ಟ್ರೇ. ಪುಡಿ ತಗೊಂಡಿದ್ದೆ. ಮೂಗಲ್ಲಿ ಎಳ್ಕಳೋದು. ಕೋಕೇನು."

ಆ ಪದವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅಷ್ಟೇ. ಕೊಬ್ಬರಿ ಮಟ್ಟೆಯ ಧೂಳು ಇನ್ನೂ ತಲೆಗೂದಲಲ್ಲಿದ್ದ ಒಬ್ಬ ಹುಡುಗನ ಬಾಯಲ್ಲಿ ಅದನ್ನು ಕೇಳುತ್ತೇನೆ ಎಂದುಕೊಂಡಿರಲಿಲ್ಲ. ಆದರೆ ಅಂಚೆಯಲ್ಲಿ ಬರುತ್ತಿದ್ದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕಣ್ಣಾಡಿಸಿದ್ದ ಒಂದು ಮಾತು ಅರೆಬರೆಯಾಗಿ ನೆನಪಿಗೆ ಬಂತು. ಕೋಕೇನ್ ತೆಗೆದುಕೊಂಡವರಿಗೆ ಬೀಟಾ ಬ್ಲಾಕರ್ ಕೊಡಬಾರದು. ಯಾಕೆ ಎನ್ನುವುದು ನೆನಪಿರಲಿಲ್ಲ. ನರ್ಸಿಗೆ ಇಂಜೆಕ್ಷನ್ ಪಕ್ಕಕ್ಕಿಡಲು ಹೇಳಿ, ಆಸ್ಪಿರಿನ್ ಕೊಟ್ಟು, ಆಮ್ಲಜನಕ ಹಾಕಿಸಿ, ಹೊರಗಿನ ಟೇಬಲ್ಲಿನ ಫೋನಿಗೆ ಓಡಿದೆ. ಬೆಂಗಳೂರಿನಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟರೊಬ್ಬರು ಹೃದಯದ ವಿಭಾಗದಲ್ಲಿದ್ದರು. ಆ ದಿನ ಲೈನು ಒಂದೇ ಸಲಕ್ಕೆ ಸಿಕ್ಕಿತು.

ನಾನು ಹೇಳಿದ್ದನ್ನೆಲ್ಲ ಕೇಳಿ ಅವರು, "ಎಲ್ಲಿಂದ ಮಾತಾಡ್ತಿದ್ದೀಯಮ್ಮ?" ಎಂದರು.

"ತಿಪಟೂರು ಸರ್."

"ತಿಪಟೂರಿನಲ್ಲಿ ಕೋಕೇನೇ?" ಎಂದರು. "ಸರಿ. ಬೀಟಾ ಬ್ಲಾಕರ್ ಕೊಡಬೇಡ. ಆ ಪುಡಿ ಹೃದಯವನ್ನ ಓಡಿಸುತ್ತೆ, ಜೊತೆಗೆ ಹೃದಯಕ್ಕೆ ರಕ್ತ ಕೊಡೋ ನಾಳವನ್ನೇ ಹಿಂಡುತ್ತೆ. ನೀನು ಹೃದಯದ ಓಟವನ್ನಷ್ಟೇ ತಡೆದರೆ ಹಿಂಡೋ ಕೆಲಸಕ್ಕೆ ತಡೆಯೇ ಇರಲ್ಲ, ನಾಳ ಇನ್ನೂ ಬಿಗಿಯಾಗುತ್ತೆ. ಮೊದಲು ಡಯಾಜೆಪಾಮ್ ಕೊಟ್ಟು ಅವನನ್ನ ಶಾಂತ ಮಾಡು. ನಾಲಿಗೆ ಕೆಳಗಿನ ಮಾತ್ರೆ ಇಡು. ಅದಕ್ಕೂ ನೋವು ಹೋಗದಿದ್ದರೆ ಡಿಲ್ಟಿಯಾಜೆಮ್ ಕೊಡು, ಇದೆಯಾ?"

"ಬಿಪಿಗೆ ಕೊಡೋ ಮಾತ್ರೆ ಇದೆ ಸರ್."

"ಅದೇ. ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ನಾಳದ ಸ್ನಾಯುವನ್ನ ಸಡಿಲ ಮಾಡುತ್ತೆ. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಅವಸರ ಮಾಡಬೇಡ. ಇದಾದ ಮೇಲೆ ಇನ್ನೊಂದು ಇಸಿಜಿ ತೆಗೆದು ಫೋನ್ ಮಾಡು. ನೋಡಮ್ಮ, ನಾನೂ ಇದನ್ನ ಹೆಚ್ಚಾಗಿ ಓದಿ ತಿಳಿದವನೇ. ನಂಬಿಕೊಂಡು ಕೂರಬೇಡ, ಪಕ್ಕದಲ್ಲೇ ಇರು."

ಪಕ್ಕದಲ್ಲೇ ಇದ್ದೆ. ಡಯಾಜೆಪಾಮ್ ಒಳಗೆ ಹೋದ ಮೇಲೆ ಅವನ ಕಾಲಿನ ಅಲುಗಾಟ ನಿಂತಿತು, ಬಿಪಿ ಸ್ವಲ್ಪ ಇಳಿಯಿತು. ನಾಲಿಗೆ ಕೆಳಗಿನ ಮಾತ್ರೆಗೆ ನೋವು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಡಿಲ್ಟಿಯಾಜೆಮ್ ನುಂಗಿಸಿದೆ. ಅಕ್ಕ ಬಾಗಿಲ ಹತ್ತಿರ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೊರಗೆ ಓಪಿಡಿಯಲ್ಲಿ ಜನ ಗೊಣಗುತ್ತಿದ್ದರು, ಒಂದು ಮಗು ಅಳುತ್ತಿತ್ತು. ಸುಮಾರು ಹೊತ್ತಿನ ಮೇಲೆ ಅವನು ತಾನಾಗಿ, "ಬಿಗಿ ಬುಡ್ತಾ ಐತೆ," ಎಂದ. ಎರಡನೇ ಇಸಿಜಿಯಲ್ಲಿ ಗೆರೆ ಕೆಳಗಿಳಿದಿತ್ತು. ಆಮೇಲೆ ತೆಗೆದದ್ದರಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ನಾಳ ಹೆಪ್ಪುಗಟ್ಟಿ ಮುಚ್ಚಿರಲಿಲ್ಲ, ಹಿಂಡಿಕೊಂಡಿತ್ತು, ಈಗ ಸಡಿಲವಾಗಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಆಗಲೇ ಗೊತ್ತಾದದ್ದು, ಅಲ್ಲಿಯವರೆಗೂ ನಿಂತೇ ಇದ್ದೆ ಎಂದು.

"ಗ್ಯಾಸೇ ಇರ್ಬೇಕು, ಅಲ್ವೇನಮ್ಮ?" ಎಂದರು ಅಕ್ಕ.

"ಹೃದಯದ ನಾಳ ಹಿಂಡಿಕೊಂಡಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಬೇಕು," ಎಂದೆ. ಅದು ನಿಜವೇ. ಅದಕ್ಕಿಂತ ಮುಂದಿನ ನಿಜ ಅವನದು, ನಾನು ಹೇಳುವಂತಿರಲಿಲ್ಲ.

ವ್ಯಾನು ಬರುವವರೆಗೆ ಅವನು ಮೆಲುದನಿಯಲ್ಲಿ ತನ್ನ ಕತೆ ಹೇಳಿದ. ಕೊಬ್ಬರಿ ಲಾರಿಯಲ್ಲಿ ಕ್ಲೀನರ್ ಆಗಿ ಬಾಂಬೆಗೆ ಹೋದವನು, ಅಲ್ಲೇ ಗಾಡಿ ಕಲಿತು ಒಬ್ಬ ಶ್ರೀಮಂತರ ಮನೆಯಲ್ಲಿ ಡ್ರೈವರ್ ಆಗಿದ್ದ. ಆ ಮನೆಯ ಮಗ ಗೆಳೆಯರನ್ನು ಕಟ್ಟಿಕೊಂಡು ಆಗಾಗ ಗೋವಾಕ್ಕೆ ಹೊರಡುತ್ತಿದ್ದ. ರಾತ್ರಿಯೆಲ್ಲ ಗಾಡಿ ಓಡಿಸಬೇಕು. ಒಮ್ಮೆ ಘಾಟಿಯಲ್ಲಿ ಇವನಿಗೆ ತೂಕಡಿಕೆ ಬಂತು. ಹಿಂದಿನ ಸೀಟಿನಿಂದ ಆ ಮಗ, ಇದನ್ನು ಎಳೆದುಕೋ, ನಿದ್ದೆ ಹತ್ತಿರ ಸುಳಿಯುವುದಿಲ್ಲ ಎಂದು ಕೊಟ್ಟ.

"ನಿಜವಾಗ್ಲೂ ಸುಳೀಲಿಲ್ಲ ಡಾಕ್ಟ್ರೇ. ಸುಸ್ತು ಅನ್ನೋದೇ ಇರ್ಲಿಲ್ಲ. ಆಮೇಲೆ ಅದಿಲ್ದೆ ಹೋದ್ರೆ ಎಲ್ಲಾ ಕೆಲ್ಸಾನೂ ಭಾರ ಅನ್ಸಕ್ಕೆ ಹತ್ತಿತು."

ಬೆಂಗಳೂರಿನಲ್ಲಿ ಆಂಜಿಯೋಗ್ರಾಂ ಮಾಡಿದರು. ನಾಳಗಳು ಸ್ವಚ್ಛವಾಗಿದ್ದವು. ಪುಡಿ ಬಿಡಬೇಕೆಂದು ಅಲ್ಲಿಯೂ ಅವನಿಗೆ ಒಬ್ಬನಿಗೇ ಹೇಳಿ, ನಾಳ ಮತ್ತೆ ಹಿಂಡಿಕೊಳ್ಳದಿರಲಿ ಎಂದು ಡಿಲ್ಟಿಯಾಜೆಮ್ ಮುಂದುವರಿಸಿ ಕಳಿಸಿದರು. ವಾಪಸು ಬಂದವನು ನನ್ನನ್ನು ನೋಡಲು ಬಂದ. ಮಾತ್ರೆಯ ಪಟ್ಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದು, ಹೊರಡುವ ಮುಂಚೆ ಕೇಳಿದ.

"ಇದು ಆ ಪುಡಿಗೆ ಎದುರು ಅಲ್ವಾ ಡಾಕ್ಟ್ರೇ? ಇದನ್ನ ತಗೊಂಡಿದ್ರೆ ಅದು ಏನೂ ಮಾಡಕ್ಕಿಲ್ವಾ?"

"ಮಾಡುತ್ತೆ," ಎಂದೆ. "ಈ ಮಾತ್ರೆ ಹಿಂಡಿದ ನಾಳವನ್ನ ಸಡಿಲಿಸುತ್ತೆ, ಅಷ್ಟೇ ಇದರ ಕೆಲಸ. ಪುಡಿ ಹೃದಯದ ಸ್ನಾಯುವನ್ನ ತಿನ್ನುತ್ತೆ, ಬಡಿತ ತಪ್ಪಿಸುತ್ತೆ, ಮೆದುಳಲ್ಲಿ ರಕ್ತನಾಳ ಒಡೆಯಬಹುದು. ಅದಕ್ಕೆಲ್ಲ ಇದು ಅಡ್ಡ ಬರಲ್ಲ. ಇದನ್ನ ನಂಬಿಕೊಂಡು ಅದನ್ನ ತಗೊಂಡರೆ ಸಾಯ್ತೀಯ."

"ಸುಮ್ಕೆ ಕೇಳ್ದೆ," ಎಂದು ಎದ್ದ.

ಸುಮ್ಮನೆ ಕೇಳುವ ಪ್ರಶ್ನೆಯಲ್ಲ ಅದು. ಗೊತ್ತಿತ್ತು. ಇನ್ನೊಮ್ಮೆ ಕೂರಿಸಿ ಅದನ್ನೇ ಹೇಳಿದೆ. ಬೆಂಗಳೂರಿನಲ್ಲಿ ಚಟ ಬಿಡಿಸುವ ಕಡೆಗೆ ಹೋಗು ಎಂದೆ. ಆಗಲಿ ಎಂದ. ಯಾರಾದರೂ ಹಾಗೆ ತಕ್ಷಣ ಆಗಲಿ ಎಂದಾಗ ನನಗೆ ಬೇಸರವಾಗುತ್ತದೆ. ವಾದ ಮಾಡುವವರಲ್ಲಿ ಇನ್ನೂ ಏನೋ ಇರುತ್ತದೆ.

ಅದಾದ ವಾರದೊಳಗೆ ಅಕ್ಕ ಒಂದು ಚೀಲದಲ್ಲಿ ಎಳನೀರು ಹೊರಿಸಿಕೊಂಡು ಬಂದರು. ಮುಖದಲ್ಲಿ ಗೆಲುವಿತ್ತು. "ಹಾರ್ಟು ಚೆನ್ನಾಗೈತಂತೆ, ನಾಳ ಎಲ್ಲಾ ಕ್ಲೀನ್ ಅಂದ್ರಂತೆ," ಎಂದು ಎದುರಿನ ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿದರು. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಮಗಳನ್ನ ಅವನಿಗೇ ಕೊಡಾನ ಅಂತ. ಅವ್ವ ಸತ್ತಾಗ ಇವ್ನು ಎಳೇ ಕೂಸು, ನಾನೇ ಸಾಕಿದ್ದು. ಸ್ವಾದರ ಮಾವನೇ ಅಲ್ವಾ, ಹೊರಗೆ ಯಾಕೆ ಹುಡುಕ್ಬೇಕು? ಶ್ರಾವಣಕ್ಕೆ ಮಾಡ್ಬುಡಾನ ಅಂತಿದ್ದೀನಿ. ನೀವೇನಂತೀರ, ಕೊಡಬೌದಾ?"

ಆ ಹೊತ್ತಿಗೆ ನಾನು ಕೆಲಸಕ್ಕೆ ಬಂದು ಹದಿನೈದು ವರ್ಷದ ಮೇಲಾಗಿತ್ತು. ಹುಡುಗಿ ಚಿಕ್ಕನಾಯಕನಹಳ್ಳಿಯಲ್ಲಿ ಪಿಯುಸಿ ಮುಗಿಸಿ ಟೀಚರ್ ಆಗಲು ತುಮಕೂರಿನಲ್ಲಿ ಟಿಸಿಎಚ್ ಓದುತ್ತಿದ್ದಳು. ಅವಳಿಗೆ ದಡಾರ ಎದ್ದಾಗ ನೋಡಿದವಳು ನಾನೇ. ರೋಗಿಯ ಗುಟ್ಟು ಹೇಳಬಾರದು ಎನ್ನುವುದು ಸರಿ. ಆದರೆ ಆ ಹುಡುಗಿಯೂ ನನ್ನ ರೋಗಿಯೇ ಅಲ್ಲವೇ?

"ನೋಡಮ್ಮ," ಎಂದೆ, "ಕೊಡಿ, ಬಿಡಿ ಅಂತ ನಾನು ಹೇಳಲಾರೆ. ಅವಸರ ಮಾಡಬೇಡಿ. ನಿಮ್ಮ ತಮ್ಮನನ್ನೇ ಕೂರಿಸಿಕೊಂಡು ಕೇಳಿ. ಆರೋಗ್ಯದ ವಿಷಯ ಎಲ್ಲಾ ಹೇಳಪ್ಪ ಅಂತ ಕೇಳಿ."

ಅವರು ಅದನ್ನು ದೊಡ್ಡವರ ನಯದ ಮಾತು ಎಂದುಕೊಂಡು ನಕ್ಕು ಹೋದರು. ನಾನು ಅವನನ್ನು ಕರೆಸಿ, ಅಕ್ಕನಿಗೆ ನಿಜ ಹೇಳು, ಇಲ್ಲವೇ ಮದುವೆ ಬೇಡ ಎನ್ನು, ಎರಡರಲ್ಲಿ ಒಂದಾದರೂ ಮಾಡು ಎಂದೆ. ಬಾಂಬೆಗೆ ಹೋಗಿ ಕೆಲಸ ಬಿಟ್ಟು ಬಂದುಬಿಡುತ್ತೇನೆ, ಬಂದ ಮೇಲೆ ಹೇಳುತ್ತೇನೆ ಎಂದ. ಮಾತ್ರೆ ಕಟ್ಟಿಸಿಕೊಂಡು ಹೋದ.

ಅವನು ಹೋದ ಮೇಲೆ ಒಂದು ಶನಿವಾರ ಆ ಹುಡುಗಿ ಒಬ್ಬಳೇ ಬಂದಳು. ತಲೆನೋವು ಎಂದಳು. ಪರೀಕ್ಷೆ ಮಾಡಿದೆ, ಏನೂ ಇರಲಿಲ್ಲ. ಹೊರಡದೆ ಕೂತೇ ಇದ್ದಳು.

"ಮಾವಂಗೆ ಏನು ಕಾಯಿಲೆ ಡಾಕ್ಟ್ರೇ? ಅಮ್ಮ ಗ್ಯಾಸ್ ಅಂತಾಳೆ. ಗ್ಯಾಸಿಗೆ ಯಾರೂ ಬೆಂಗ್ಳೂರಿಗೆ ಕಳ್ಸಲ್ಲ."

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ಯಾರದನ್ನೂ ಹೇಳೋ ಹಾಗಿಲ್ಲ, ನಿನ್ನದನ್ನೂ ಯಾರಿಗೂ ಹೇಳಲ್ಲ. ಆದರೆ ಮದುವೆ ಆಗೋಳು ನೀನು. ಆಗೋನನ್ನ ಏನು ಬೇಕಾದರೂ ಕೇಳಬಹುದು. ಕೇಳಿದ ಮೇಲೆ ಬೇಡ ಅನ್ನಲೂಬಹುದು."

"ಸರಿ," ಎಂದು ಎದ್ದಳು.

ಅವಳು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಬಾಂಬೆಗೆ ಫೋನ್ ಮಾಡಿದಳು ಎಂಬುದು ನನಗೆ ಆಮೇಲೆ ತಿಳಿಯಿತು. ಅಕ್ಕನಿಗೆ ಹೇಳಲಾರದವನು, ತನ್ನ ತೊಡೆಯ ಮೇಲೆ ಆಡಿದ ಹುಡುಗಿ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟಿದ್ದ. ಹೇಳಿ, ಅಮ್ಮನಿಗೆ ನೀನು ತಿಳಿಸಬೇಡ, ಬಂದು ನಾನೇ ಹೇಳುತ್ತೇನೆ ಎಂದು ಅತ್ತಿದ್ದ. ಅವಳು ತಿಳಿಸಲಿಲ್ಲ. ಮನೆಗೆ ಹೋಗಿ, ಓದು ಮುಗಿಯುವವರೆಗೆ ನನಗೆ ಮದುವೆ ಬೇಡ, ಮಾವನನ್ನಂತೂ ಬೇಡ ಎಂದಳು. ಯಾಕೆ ಎಂದರೆ ಬಾಯಿ ಬಿಡಲಿಲ್ಲ. ಅಕ್ಕ ಬಿಪಿ ತೋರಿಸಲು ಬಂದಾಗಲೆಲ್ಲ ನನ್ನೆದುರು ಮಗಳನ್ನು ಬೈದುಕೊಳ್ಳುತ್ತಿದ್ದರು. "ನಾಕಕ್ಷರ ಕಲ್ತಿದ್ದಕ್ಕೆ ಡ್ರೈವರ್ ಮಾವ ಬ್ಯಾಡ್ವಾದ ಕಣಮ್ಮ ಇವ್ಳಿಗೆ. ಅವ್ನ ಮುಖ ಹೆಂಗ್ ನೋಡ್ಲಿ ನಾನು?" ನಾನು ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಳ್ಳು ಇಳಿಯುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ತಾಯಿಗೆ ಗೊತ್ತಿಲ್ಲದ್ದು ಮಗಳಿಗೆ ಗೊತ್ತು, ನನಗೂ ಗೊತ್ತು. ಆ ಮಳೆಗಾಲ ಎಷ್ಟು ಉದ್ದವಿತ್ತು ಅನಿಸುತ್ತದೆ.

ದೀಪಾವಳಿ ಕಳೆದ ಮೇಲೆ ಅವನು ಬಂದ. ಅರಸೀಕೆರೆಯಲ್ಲಿ ರೈಲಿಳಿದು, ಮನೆಗೂ ಹೋಗದೆ ನೇರ ನಮ್ಮಲ್ಲಿಗೇ ಬಂದಿದ್ದ. ಮೆಟ್ಟಿಲು ಹತ್ತಿ ಬಂದವನಿಗೆ ಮಾತಾಡಲು ಆಗಲಿಲ್ಲ, ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ. ಪಾದಗಳು ಊದಿದ್ದವು, ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಶ್ವಾಸಕೋಶದ ತಳದಲ್ಲಿ ನೀರಿನ ಸದ್ದು.

"ಪುಡಿ ಬಿಡಲಿಲ್ಲ, ಅಲ್ವಾ?"

"ಮಾತ್ರೆ ತಗೊಂಡೇ ಎಳೀತಿದ್ದೆ," ಎಂದ. "ಮೊದ್ಲು ಮಾತ್ರೆ, ಆಮೇಲೆ ಅದು. ಎದೆ ನೋಯ್ಲೇ ಇಲ್ಲ ಡಾಕ್ಟ್ರೇ. ನೋಯ್ದೆ ಇದ್ದಿದ್ದಕ್ಕೆ ಏನೂ ಆಗ್ತಿಲ್ಲ ಅನ್ಕಂಡೆ. ಜೊತೆ ಡ್ರೈವರ್‌ಗಳಿಗೂ ಮಾತ್ರೆ ಕೊಟ್ಟಿದ್ದೆ, ಹಾರ್ಟಿಗೆ ಸೇಫು ಅಂತ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡೆ, ಅಷ್ಟೇ. ಯಾವ ಊರಿನಲ್ಲೋ ಯಾವ ಹುಡುಗರೋ, ತಿಪಟೂರಿನ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಧೈರ್ಯ ತಂದುಕೊಳ್ಳುತ್ತಿದ್ದಾರೆ. ಅವರಿಗೆಲ್ಲ ಹೋಗಿ ಹೇಳುವವರು ಯಾರು? ಅವನ ಕೈಲೇ ಫೋನ್ ಮಾಡಿಸಿದೆ. ಒಬ್ಬ ಸಿಕ್ಕಿದ, ಉಳಿದವರು ಸಿಗಲಿಲ್ಲ.

ಎಕೋ ಮಾಡಿಸಿದಾಗ ಹೃದಯ ಹಿಗ್ಗಿ ದುರ್ಬಲವಾಗಿತ್ತು, ರಕ್ತ ತಳ್ಳುವ ಶಕ್ತಿ ಅರ್ಧಕ್ಕೂ ಕಡಿಮೆ. ಅಂಥ ಹೃದಯಕ್ಕೆ ಡಿಲ್ಟಿಯಾಜೆಮ್ ಒಳ್ಳೆಯದಲ್ಲ, ಸೋತ ಸ್ನಾಯುವನ್ನು ಇನ್ನಷ್ಟು ಸೋಲಿಸುತ್ತದೆ. ಮೇಷ್ಟರಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು. ಬೇಸಿಗೆಯಲ್ಲಿ ಅವನನ್ನು ಉಳಿಸಿದ ಮಾತ್ರೆಯನ್ನು ನಾನೇ ನಿಲ್ಲಿಸಿ, ನೀರು ಇಳಿಸುವುದಕ್ಕೂ ಹೃದಯದ ಹೊರೆ ತಗ್ಗಿಸುವುದಕ್ಕೂ ಬೇರೆ ಔಷಧಿ ಬರೆದೆ.

ಅಕ್ಕ ಸುದ್ದಿ ತಿಳಿದು ಮಧ್ಯಾಹ್ನ ಬಂದರು, ಜೊತೆಗೆ ಮಗಳೂ. ವಾರ್ಡಿನಲ್ಲಿ ಅವನು ದಿಂಬಿಗೆ ಒರಗಿ ಕೂತಿದ್ದ. ನಾನು ಬಿಪಿ ನೋಡುತ್ತಿದ್ದೆ. ಹೊರಗೆ ಹೋಗಲು ಎದ್ದರೆ, "ನೀವು ಇರಿ ಡಾಕ್ಟ್ರೇ," ಎಂದ. ಆಮೇಲೆ ಅಕ್ಕನ ಕೈ ಹಿಡಿದುಕೊಂಡು ಹೇಳಿದ.

"ಅಕ್ಕಾ, ಇದು ಗ್ಯಾಸೂ ಅಲ್ಲ, ಅಟ್ಟ ಹತ್ತಿದ್ದಕ್ಕೆ ಬಂದಿದ್ದೂ ಅಲ್ಲ. ನಾನು ಒಂದು ಪುಡಿ ಸೇದ್ತಿದ್ದೆ. ನಶೆ ಪುಡಿ."

"ಹೆಂಡ ಕುಡಿಯೋ ತರಾನಾ?"

"ಅದಕ್ಕಿಂತ ಕೆಟ್ಟದ್ದು."

ಅಕ್ಕ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರು ಅಳುತ್ತಾರೆ, ಬೈಯುತ್ತಾರೆ ಎಂದುಕೊಂಡೆ. ಅವರು ತಮ್ಮನ ಊದಿದ ಪಾದಗಳ ಮೇಲೆ ಹೊದಿಕೆ ಎಳೆದು, ಮಗಳ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು."

"ನಾನು ಅಷ್ಟು ಬೈಯ್ತಿದ್ರೂ ಸುಮ್ಕಿದ್ಯಲ್ಲೇ."

"ಮಾವನೇ ಹೇಳ್ತೀನಿ ಅಂದಿತ್ತು. ಅದಕ್ಕೇ ಕಾಯ್ತಿದ್ದೆ," ಎಂದಳು ಹುಡುಗಿ. ಅವಳ ದನಿಯಲ್ಲಿ ದೂರೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಅವಳಿಗೂ ಸಾಕಾಗಿತ್ತು. ಅಕ್ಕ ನನ್ನನ್ನು ಕೇಳಲಿಲ್ಲ, ನಿಮಗೂ ಗೊತ್ತಿತ್ತಲ್ಲ ಎಂದು. ಕೇಳಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತದೆ. ಬ್ಯಾಗಿನಿಂದ ಟಿಫನ್ ಡಬ್ಬಿ ತೆಗೆದು, ಉಪ್ಪು ಹಾಕಿದ್ದೇನೆ, ಕೊಡಬಹುದಾ ಎಂದರು. ಊತ ಇಳಿಯುವವರೆಗೆ ಉಪ್ಪು ಬೇಡ ಎಂದೆ. ಡಬ್ಬಿಯನ್ನು ಮತ್ತೆ ಮುಚ್ಚಿದರು.

ಅವನು ಬಾಂಬೆಗೆ ಹೋಗಲಿಲ್ಲ. ಬೆಂಗಳೂರಿನಲ್ಲಿ ಚಟ ಬಿಡಿಸುವ ಕಡೆ ಕೆಲವು ವಾರ ಇದ್ದು ಬಂದ. ನಡುವೆ ಒಮ್ಮೆ ಎದ್ದು ಓಡಿಬಂದಿದ್ದನಂತೆ, ಅಕ್ಕನೇ ಬಸ್ಸು ಹತ್ತಿಸಿಕೊಂಡು ಹೋಗಿ ಮತ್ತೆ ಬಿಟ್ಟು ಬಂದರಂತೆ. ಪುಡಿ ಈ ಕಡೆ ಸಿಗುತ್ತಿರಲಿಲ್ಲ ಎನ್ನುವುದೂ ಸಹಾಯವಾಗಿರಬೇಕು. ಹೃದಯ ಸ್ವಲ್ಪ ಚೇತರಿಸಿಕೊಂಡಿತು, ಪೂರ್ತಿ ಅಲ್ಲ. ಗಾಡಿ ಓಡಿಸಬೇಡ, ಭಾರ ಎತ್ತಬೇಡ ಎಂದಿದ್ದೆ. ತೋಟದಲ್ಲಿ ಕಾಯಿ ಸುಲಿಯುವವರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಬಾಂಬೆ ಸುತ್ತಿ ಬಂದವನು ಹಾಗೆ ಕೂತಿರುವುದನ್ನು ಕಂಡು ಊರವರು ಸೋಮಾರಿ ಎನ್ನುತ್ತಿದ್ದರಂತೆ. ಆ ಹುಡುಗಿಗೆ ಕಂದಿಕೆರೆ ಕಡೆ ಟೀಚರ್ ಕೆಲಸ ಸಿಕ್ಕಿತು, ತಾನೇ ಒಪ್ಪಿದವನನ್ನು ಮದುವೆಯಾದಳು. ಆ ಮದುವೆಯಲ್ಲಿ ಸೋದರಮಾವನ ಶಾಸ್ತ್ರಗಳನ್ನೆಲ್ಲ ಅವನೇ ಮಾಡಿದ. ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡ. ಊಟಕ್ಕೆ ಹೋಗಿದ್ದ ನಾನು ನೋಡಿದೆ.

ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಿದ್ದ. ತೆಂಗಿಗೆ ನುಸಿ ಬಿದ್ದ ವರ್ಷಗಳು ಅವು. ಕಾಯಿ ಎಲ್ಲ ಸುಕ್ಕಾಗಿ ಸಣ್ಣಗೆ ಬರುತ್ತಿವೆ ಎಂದು ಹೇಳುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ಒಮ್ಮೆ, "ಆಸೆ ಆಗುತ್ತಾ ಈಗಲೂ?" ಎಂದು ಕೇಳಿದೆ. "ಅದರ ಆಸೆ ಹೋಯ್ತು ಡಾಕ್ಟ್ರೇ," ಎಂದ, "ಸುಸ್ತಿಲ್ದೆ ಇರೋದು ಹೆಂಗಿತ್ತು ಅನ್ನೋದು ಮಾತ್ರ ನೆಪ್ಪಾಗುತ್ತೆ." ಮುಂದಿನ ತಿಂಗಳ ಮಾತ್ರೆ ಬರೆದು ಕೊಟ್ಟೆ, ತಗೊಂಡು ಹೋದ.

ಕೆಲವು ವರ್ಷ ಹೀಗೆ ನಡೆಯಿತು. ಒಂದು ಆಷಾಢದಲ್ಲಿ ಅಕ್ಕ ಒಬ್ಬರೇ ಬಂದರು. ಮಧ್ಯಾಹ್ನ ಮುದ್ದೆ ಉಂಡು ಜಗಲಿಯಲ್ಲಿ ಮಲಗಿದವನು, ಸಂಜೆ ಕಾಫಿಗೆ ಎಬ್ಬಿಸಿದರೆ ಏಳಲಿಲ್ಲವಂತೆ. ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ಹೇಳಲು ಬಂದಿದ್ದರು.

"ನೋವು ಅನ್ಲಿಲ್ಲ ಕಣಮ್ಮ. ಎದೆ ಮೇಲೆ ಕೈಯೂ ಇಟ್ಕಂಡಿರ್ಲಿಲ್ಲ," ಎಂದರು.

ದುರ್ಬಲವಾದ ಹೃದಯ ಹಾಗೆ ಒಂದು ಗಳಿಗೆಯಲ್ಲಿ ನಿಂತುಬಿಡುತ್ತದೆ, ಪಕ್ಕದಲ್ಲಿ ಕೂತಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು. ಹೊರಗೆ ಓಪಿಡಿ ತುಂಬಿತ್ತು, ಆದರೂ ಅವರನ್ನು ಏಳಿ ಎನ್ನಲು ಮನಸ್ಸಾಗಲಿಲ್ಲ. ಆಯಾಳನ್ನು ಕರೆದು ಎರಡು ಕಾಫಿ ತರಿಸಿದೆ. ಇಬ್ಬರೂ ಕುಡಿದೆವು. ಆಮೇಲೆ ಅವರು ಸೆರಗು ಸರಿಮಾಡಿಕೊಂಡು, ಶೆಟ್ಟಿಕೆರೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.